ಸೂರಿನ ಕೆಳಗಿನ ನೀರು

ನಮ್ಮ ಕಡೆಯ ಹಳ್ಳಿಗಳಲ್ಲಿ 'ಈಜು' ಎಂದು ಹೇಳುವುದಿಲ್ಲ, 'ಈಸು' ಎನ್ನುತ್ತಾರೆ. ಸಂಸಾರವನ್ನು ನೀರೆಂದು ಭಾವಿಸಿ ಪುರಂದರದಾಸರು ಹಾಡಿದ ಪ್ರಸಿದ್ಧ ಪದದಲ್ಲಿಯೂ ಇದೇ ರೂಪವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ಹೆಸರುಗಳನ್ನು ಕೇಳಿದೊಡನೆ ಕನ್ನಡ ನಾಡಿನ ಉಳಿದ ಭಾಗದವರಿಗೆ ನೆನಪಾಗುವುದು ನೀರಲ್ಲ, ನೀರಿನ ಅಭಾವ: ಬಿರುಕುಬಿಟ್ಟ ಎರೆಭೂಮಿ, ಬಿಳಿಜೋಳ, ಬರಗಾಲ, ಗುಳೆ. ಅಂಥ ನೆಲದಲ್ಲಿ ಹುಟ್ಟಿ ಬೆಳೆದವನೊಬ್ಬ ಈಜುಕೊಳವನ್ನು ಕುರಿತು ಮಾತನಾಡಲು ಹೊರಟದ್ದು ತಮಗೆ ವಿಚಿತ್ರವಾಗಿ ತೋರಬಹುದು. ಆದರೆ ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ, ನೀರು ಕಡಿಮೆಯಿದ್ದ ಕಾಲದಲ್ಲಿ ನಮ್ಮಲ್ಲಿ ಈಸು ಬಲ್ಲ ಹುಡುಗರು ಹೆಚ್ಚಾಗಿದ್ದರು. ನೀರು ಬಂದ ಮೇಲೆ ಅವರ ಸಂಖ್ಯೆ ಕಡಿಮೆಯಾಗುತ್ತಿದೆ. ಈ ವಿಪರ್ಯಾಸವೇ ಇಂದಿನ ನನ್ನ ಮಾತಿನ ವಿಷಯ.

ನಾನು ಈಸು ಕಲಿತದ್ದು ಇಂಡಿ ತಾಲೂಕಿನ ಒಂದು ಹಳ್ಳಿಯ ತೋಟದ ಬಾವಿಯಲ್ಲಿ. ಕಲ್ಲು ಕಟ್ಟಿದ ಚೌಕಾಕಾರದ ಬಾವಿ. ಒಂದು ಬದಿಗೆ ಹಳೆಯ ಕಪಿಲೆಯ ಇಳಿಜಾರು, ಇನ್ನೊಂದು ಬದಿಗೆ ನೀರಿನವರೆಗೆ ಇಳಿಯುವ ಮೆಟ್ಟಿಲುಗಳು. ನಮ್ಮ ಕಾಕಾ ನನ್ನ ನಡುವಿಗೆ ಎರಡು ಒಣಗಿದ ಸೋರೆಬುರುಡೆಗಳನ್ನು ಕಟ್ಟಿ ನೀರಿಗೆ ಬಿಟ್ಟರು. ನಾಲ್ಕು ದಿನಗಳ ಮೇಲೆ ಒಂದು ಬುರುಡೆಯನ್ನು ಬಿಚ್ಚಿದರು. ಇನ್ನೊಂದನ್ನು ಯಾವಾಗ ಬಿಚ್ಚಿದರೆಂಬುದು ನನಗೆ ತಿಳಿಯಲೇ ಇಲ್ಲ. ಕೈಕಾಲು ಬಡಿದು ಒದ್ದಾಡುತ್ತಿದ್ದ ನನಗೆ ಅವರು ಹೇಳುತ್ತಿದ್ದ ಮಾತು ಒಂದೇ: "ನೀರ ಬಡೀಬ್ಯಾಡೋ ತಮ್ಮಾ. ನೀರು ನಿನಗೇನ ಮಾಡ್ಯದ? ಮೈ ಸಡ್ಲ ಬಿಡು, ಅದೇ ನಿನ್ನ ಹೊತ್ಕೋತದ." ಮುಂದೆ ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ವಿಷಯವನ್ನು ಕಲಿಸಿದ ಅಧ್ಯಾಪಕರನ್ನು ಮತ್ತೆ ಕಾಣಲಿಲ್ಲ.

1972ರ ಬರದಲ್ಲಿ ಆ ಬಾವಿ ಬತ್ತಿತು. ಹೂಳು ತೆಗೆಯಲು ಹಿರಿಯರು ಇಳಿದಾಗ ಹುಡುಗರಾದ ನಾವೂ ಇಳಿದೆವು. ಎಷ್ಟೋ ದಿನ ಯಾವುದರ ಮೇಲೆ ಅಂಗಾತ ತೇಲಿ ಆಕಾಶ ನೋಡಿದ್ದೆವೋ ಅದರ ತಳದಲ್ಲಿ ನಿಂತು ಮೇಲೆ ನೋಡಿದಾಗ, ಅಂಗೈಯಗಲದ ಆಕಾಶವೂ ಸಾಲಾಗಿ ಬಾಗಿ ನೋಡುವ ಮುಖಗಳೂ ಕಂಡವು. ನಮ್ಮನ್ನು ಹೊತ್ತದ್ದು ಎಷ್ಟು ಆಳದ ನೀರು ಎಂಬುದು ಆ ದಿನ ನನಗೆ ಅರ್ಥವಾಯಿತು.

ಆದರೆ ಬಾವಿಯ ಗುಣಗಾನ ಮಾಡುವಾಗ, ಆ ಬಾವಿಯೊಳಗೆ ಯಾರು ಇರಲಿಲ್ಲವೆಂಬುದನ್ನೂ ಹೇಳಬೇಕು. ನನ್ನ ಅಕ್ಕ ಅದೇ ಬಾವಿಯ ನೀರನ್ನು ದಿನವೂ ಹೊತ್ತಳು. ಕೊನೆಯ ಮೆಟ್ಟಿಲಿನ ಮೇಲೆ ಕುಳಿತು ಬಟ್ಟೆ ಒಗೆದಳು. ನೀರಿಗೆ ಮಾತ್ರ ಇಳಿಯಲಿಲ್ಲ. ಹೆಣ್ಣುಮಕ್ಕಳು ಈಸುವುದೆಂಬ ವಿಚಾರವೇ ಊರಿನ ಯಾರ ತಲೆಯಲ್ಲಿಯೂ ಸುಳಿದಿರಲಿಲ್ಲ. ಊರ ಹೊರಗಿನ ಕೇರಿಯ ಹುಡುಗರು ನಮ್ಮೊಂದಿಗೆ ಶಾಲೆಯಲ್ಲಿ ಕೂಡುತ್ತಿದ್ದರು, ಬಾವಿಗೆ ಬರುವಂತಿರಲಿಲ್ಲ. ಹಳ್ಳ ಹರಿದ ನಾಲ್ಕು ದಿನ ಅವರ ಈಸು. ನೀರು ಎಲ್ಲರನ್ನೂ ಹೊರಬಲ್ಲದಾಗಿದ್ದರೂ ಬಾವಿಗೆ ಒಡೆಯರಿದ್ದರು.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ದಂಡಿಯು ಮಹಾಕಾವ್ಯದ ಲಕ್ಷಣ ಹೇಳುವಾಗ ಉದ್ಯಾನವಿಹಾರದೊಂದಿಗೆ ಸಲಿಲಕ್ರೀಡೆಯನ್ನೂ ಸೇರಿಸಿದ. ನಮ್ಮ ಚಂಪೂ ಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಜಲಕೇಳಿಗೆ ಸ್ಥಾನ ಕೊಟ್ಟರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ಕ್ರೀಡೆಗಳ ನಡುವೆ ನೀರಾಟವೂ ಇದೆ. ವಿಜಯಪುರದಿಂದ ಸಿಂದಗಿಯ ಹಾದಿಯಲ್ಲಿ ಹೋಗುವಾಗ ಸಿಗುವ ಕುಮಟಗಿಯಲ್ಲಿ ಆದಿಲಶಾಹಿ ಅರಸರ ಬೇಸಗೆಯ ವಿಹಾರಧಾಮವನ್ನು ತಾವು ನೋಡಿರಬಹುದು: ಕೆರೆ, ನೀರಿನ ನಡುವೆ ಮಂಟಪ, ಮೇಲಿನಿಂದ ತುಂತುರು ಸುರಿಸುವ ಏರ್ಪಾಟು, ಗೋಡೆಯ ಮೇಲೆ ಚಿತ್ರಗಳು. ಇವೆಲ್ಲ ಅರಸರ, ಅರಸಿಯರ ಜಲವಿಹಾರ. ಇದರಲ್ಲಿ ಅಲಂಕಾರವಿದೆ, ಆಟವಿದೆ. ಮುಳುಗುವವನು ತೇಲಿ ದಡ ಸೇರುವ ವಿದ್ಯೆಯ ಮಾತು ಕಡಿಮೆ. ನಮ್ಮ ಕಾವ್ಯಗಳಲ್ಲಿ ನೀರಿನ ಪ್ರಸಂಗದಿಂದ ಎಲ್ಲಕ್ಕಿಂತ ಪ್ರಸಿದ್ಧನಾದವನು ಮುಧೋಳದ ರನ್ನನ ದುರ್ಯೋಧನ. ವೈಶಂಪಾಯನ ಸರೋವರದೊಳಗೆ ಹೊಕ್ಕ ಅವನಾದರೂ ಈಸಿದವನಲ್ಲ. ಜಲಸ್ತಂಭ ಮಂತ್ರದ ಬಲದಿಂದ ಅಡಗಿ ಕುಳಿತವನು. ಭೀಮ ಕೂಗಿದಾಗ ಹೊರಗೆ ಬಂದ. ಮಂತ್ರವಿಲ್ಲದ ನಮ್ಮಂಥವರು ಕೈಕಾಲುಗಳನ್ನೇ ನಂಬಬೇಕು.

ನಿವೃತ್ತನಾದ ಮೇಲೆ ಮಗನ ಮನೆಯಲ್ಲಿ ಕೆಲವು ತಿಂಗಳು ಇರಲು ನೆದರ್ಲೆಂಡ್ಸ್ ದೇಶದ ಐಂಧೋವನ್ ನಗರಕ್ಕೆ ಹೋಗಿದ್ದೆ. 1891ರಲ್ಲಿ ಫಿಲಿಪ್ಸ್ ಕಂಪನಿ ಹುಟ್ಟಿದ ಊರು ಅದು. ಈಗ ಕನ್ನಡದ ಎಂಜಿನಿಯರುಗಳ ಸಂಸಾರಗಳೂ ಅಲ್ಲಿವೆ. ಈಜಿನ ವಿಷಯದಲ್ಲಿ ಆ ಊರಿಗೆ ದೊಡ್ಡ ಹೆಸರು. 2000 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ ನೂರು ಮೀಟರಿನ ಸ್ವರ್ಣಪದಕ ಗೆದ್ದ ಪೀಟರ್ ವಾನ್ ಡೆನ್ ಹೋಗೆನ್‌ಬಾಂಡ್ ಅವರ ಹೆಸರಿನಲ್ಲಿ ಅಲ್ಲೊಂದು ಈಜು ಕ್ರೀಡಾಂಗಣವೇ ಇದೆ. ಆದರೆ ನನ್ನ ಮಾತು ಪದಕಗಳದ್ದಲ್ಲ. ಚಳಿಗಾಲದ ಒಂದು ಮುಂಜಾನೆ ಮಗ ನನ್ನನ್ನು ಸಾರ್ವಜನಿಕ ಒಳಾಂಗಣ ಈಜುಕೊಳಕ್ಕೆ ಕರೆದೊಯ್ದ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಹೊರಗೆ ಕೊರೆಯುವ ಚಳಿ, ಸಣ್ಣಗೆ ಮಳೆ. ಬಾಗಿಲು ದಾಟಿದೊಡನೆ ನಮ್ಮ ಶ್ರಾವಣದ ಸೆಕೆಯಂಥ ಬೆಚ್ಚನೆಯ ಹಬೆ. ಚೀಟಿ ಕೊಂಡು, ಒಬ್ಬರು ನಿಲ್ಲುವಷ್ಟೇ ಜಾಗವಿರುವ ಕೋಣೆಯಲ್ಲಿ ಬಟ್ಟೆ ಬದಲಿಸಿ, ಸಾಮಾನುಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ನೀರಿಗೆ ಇಳಿಯುವ ಮುನ್ನ ಸ್ನಾನ ಕಡ್ಡಾಯ. ಈಸಲು ಹೋಗುವವನು ಮೊದಲು ಮೀಯಬೇಕೆಂಬುದು ನನಗೆ ತಮಾಷೆಯಾಗಿ ಕಂಡಿತು. ಬಾವಿಗೆ ಬಿದ್ದದ್ದೇ ನಮಗೆ ಸ್ನಾನವಾಗಿತ್ತಲ್ಲ! ಅದರ ಕಾರಣ ಆಮೇಲೆ ತಿಳಿಯಿತು. ಇಂಥ ಕೊಳಗಳಲ್ಲಿ ಮೂಗಿಗೆ ಹತ್ತುವ ಘಾಟು ಬರಿಯ ಕ್ಲೋರಿನ್ನಿನದಲ್ಲ. ಬೆವರು ಮುಂತಾದ ಮೈಕೊಳೆಯೊಡನೆ ಕ್ಲೋರಿನ್ ಬೆರೆತು ಹುಟ್ಟುವ ಬೇರೊಂದು ಪದಾರ್ಥದ್ದು. ಎಲ್ಲರೂ ತೊಳೆದುಕೊಂಡು ಇಳಿದರೆ ಘಾಟೂ ಕಡಿಮೆ, ಕಣ್ಣುರಿಯೂ ಕಡಿಮೆ. ಒಬ್ಬನ ಮೈಯ ಶುಚಿ ಅಲ್ಲಿ ಅವನೊಬ್ಬನದೇ ವಿಷಯವಲ್ಲ.

ಕೊಳವನ್ನು ಹಗ್ಗಗಳಿಂದ ಉದ್ದುದ್ದಕ್ಕೆ ಪಟ್ಟಿಗಳಾಗಿ ಭಾಗಿಸಿದ್ದರು: ನಿಧಾನದವರದೊಂದು, ಮಧ್ಯಮ ವೇಗದವರದೊಂದು, ವೇಗದವರದೊಂದು. ನಾನು ನಿಧಾನದ ಪಟ್ಟಿಗೆ ಇಳಿದೆ. ಅಲ್ಲಿಯೂ ಎಪ್ಪತ್ತು ದಾಟಿದ ಇಬ್ಬರು ಅಜ್ಜಿಯರು ಮಾತನಾಡುತ್ತಲೇ ನನ್ನನ್ನು ಹಿಂದೆ ಹಾಕಿ ಮುಂದೆ ಹೋದರು. ಬಾವಿಯ ಈಸಿನವನಾದ ನನಗೆ ತಲೆ ಮೇಲೆತ್ತಿ ಸುತ್ತ ನೋಡುತ್ತ ಸಾಗುವುದೇ ರೂಢಿ. ಅಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ಹೋಗಿ ಅದೇ ಗೆರೆಯಲ್ಲಿ ಮರಳುತ್ತಿದ್ದರು. ಬಾವಿಯ ತಳ ಕಾಣುತ್ತಿರಲಿಲ್ಲ. ಇಲ್ಲಿ ತಳದ ಹೆಂಚಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಬಾವಿಯ ಮೇಲೆ ಆಕಾಶವಿತ್ತು. ಇಲ್ಲಿ ಎತ್ತರದ ಸೂರು, ಅದಕ್ಕೆ ತಾಗಿ ಮರಳುವ ಮಕ್ಕಳ ಕೂಗು. ಎತ್ತರದ ಕುರ್ಚಿಯ ಮೇಲೆ ಸೀಟಿ ಹಿಡಿದು ಕುಳಿತ ತರುಣಿಯ ಕಣ್ಣು ನೀರನ್ನು ಬಿಟ್ಟು ಅತ್ತಿತ್ತ ಕದಲುತ್ತಿರಲಿಲ್ಲ. ನಮ್ಮ ಬಾವಿಯ ದಂಡೆಯಲ್ಲಿ ಆ ಕೆಲಸ ಕಾಕಾನದಾಗಿತ್ತು.

ದಣಿದು ಅಂಚನ್ನು ಹಿಡಿದು ನಿಂತಾಗ ಆ ಅಜ್ಜಿಯರಲ್ಲೊಬ್ಬರು, ಈಸು ಎಲ್ಲಿ ಕಲಿತಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾವಿಯಲ್ಲಿ ಎಂದೆ. ಆಕೆಗೆ ಅರ್ಥವಾಗಲಿಲ್ಲ. ಬಕೆಟ್ಟು ಇಳಿಬಿಡುವ ಕಿರಿದಾದ ಬಾವಿಯೇ ಆಕೆಗೆ ತಿಳಿದಿದ್ದ ಬಾವಿ. ಮೆಟ್ಟಿಲು, ಕಪಿಲೆ, ಚೌಕದ ಅಗಲ ಎಲ್ಲವನ್ನೂ ಕೈಯಲ್ಲಿ ತೋರಿಸಿ ವಿವರಿಸಿದ ಮೇಲೆ, "ಹಾಗಾದರೆ ಅದು ನಿಮ್ಮೂರಿನ ಸಾರ್ವಜನಿಕ ಈಜುಕೊಳ" ಎಂದರು. ಕೂಡಲೇ ಹೌದೆನ್ನಲು ನನ್ನ ನಾಲಿಗೆ ಏಳಲಿಲ್ಲ. ಅಕ್ಕನೂ ಕೇರಿಯ ಗೆಳೆಯರೂ ನೆನಪಾದರು.

ಪಕ್ಕದ ಚಿಕ್ಕ ಕೊಳದಲ್ಲಿ ಏಳು ವರ್ಷದ ನನ್ನ ಮೊಮ್ಮಗಳ ಪಾಠ ನಡೆದಿತ್ತು. ಅಂಗಿ, ಚಲ್ಲಣ, ಬೂಟುಗಳನ್ನು ಹಾಕಿಕೊಂಡೇ ಮಕ್ಕಳು ಸಾಲಾಗಿ ನೀರಿಗೆ ಹಾರುತ್ತಿದ್ದರು. ನಾನು ಬೆರಗಾಗಿ ಕೇಳಿದಾಗ ಮೊಮ್ಮಗಳು ಹೇಳಿದಳು: "ಅಜ್ಜಾ, ಕಾಲುವೆಗೆ ಬೀಳೋವಾಗ ಯಾರರೆ ಬಟ್ಟಿ ಬಿಚ್ಚಿಟ್ಟು ಬೀಳ್ತಾರೇನು?" ಆ ದೇಶದಲ್ಲಿ ಮಕ್ಕಳಿಗೆ ಎ, ಬಿ, ಸಿ ಎಂದು ಮೂರು ಹಂತದ ಈಜು ಪ್ರಮಾಣಪತ್ರಗಳಿವೆ. ಬಟ್ಟೆ ತೊಟ್ಟು ಈಸುವುದು, ನಿಂತಲ್ಲಿಯೇ ತೇಲುವುದು, ನೀರೊಳಗೆ ಇಳಿಬಿಟ್ಟ ಪರದೆಯ ಕಿಂಡಿಯಲ್ಲಿ ನುಸುಳಿ ಹೊರಬರುವುದು, ಇವೆಲ್ಲ ಪರೀಕ್ಷೆಯ ಭಾಗ. ದೇಶದ ನೆಲದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ; ಊರೂರಿಗೂ ಕಾಲುವೆಗಳಿವೆ. ನೀರಿನ ಪಕ್ಕದಲ್ಲಿ ಬಾಳಬೇಕಾದವರು ಅಕ್ಷರ ಕಲಿಯುವ ವಯಸ್ಸಿನಲ್ಲಿಯೇ ನೀರನ್ನೂ ಕಲಿಯಬೇಕೆಂದು ಅವರು ಎಂದೋ ತೀರ್ಮಾನಿಸಿದ್ದಾರೆ.

ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ದೃಶ್ಯ. ಮೊಮ್ಮಗಳಿಗಿಂತ ತುಸು ಆಚೆಗೆ, ಹಿರಿಯರ ತರಗತಿಯಲ್ಲಿ, ಎದೆಮಟ್ಟದ ನೀರಿನಲ್ಲಿ ಹಲಗೆಯೊಂದನ್ನು ಅವುಚಿ ಹಿಡಿದು ಕಾಲು ಬಡಿಯುತ್ತಿದ್ದವಳು ನನ್ನ ಸೊಸೆ. ಆಕೆಯ ತವರೂರು ಬಸವನ ಬಾಗೇವಾಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಅದು ಮುಳುಗಿತು. ಆಕೆ ಬೆಳೆದದ್ದು ಪುನರ್ವಸತಿ ಕೇಂದ್ರದಲ್ಲಿ. ಮನೆಯ ಅಂಗಳದಲ್ಲಿ ನಿಂತರೆ ಹಿನ್ನೀರು ಕಾಣುತ್ತಿತ್ತಂತೆ, ಅತ್ತ ಹೋಗಬೇಡವೆಂಬುದು ದಿನದ ಎಚ್ಚರಿಕೆಯಾಗಿತ್ತಂತೆ. ಮೂವತ್ತೈದರ ವಯಸ್ಸಿನಲ್ಲಿ, ಸಾವಿರಾರು ಮೈಲಿ ದೂರದ ಪರದೇಶದ ಕೊಳದಲ್ಲಿ ಈಸು ಕಲಿಯುತ್ತಿದ್ದಳು. ಸಂಜೆ ಚಹಾ ಕುಡಿಯುವಾಗ ಆಕೆ ಆಡಿದ ಮಾತು ಇದು: "ಮಾಮಾ, ನೀರು ನಮ್ಮ ಊರನ್ನs ನುಂಗ್ತು. ಅದರಾಗ ತೇಲೋದು ಹ್ಯಾಂಗಂತ ಮಾತ್ರ ಅಲ್ಲಿ ಯಾರೂ ನಮಗ ಕಲಿಸಲಿಲ್ಲ." ಊರಿಗೆ ಮರಳಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ಈಗ ನಮ್ಮ ನಾಲ್ಕು ತಾಲೂಕುಗಳ ನೀರಿನ ಸ್ಥಿತಿಯನ್ನು ತಾವೇ ನೋಡಿರಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಿಲಾನ್ಯಾಸ ಮಾಡಿದ ಆಲಮಟ್ಟಿಯ ಅಣೆಕಟ್ಟು 519.60 ಮೀಟರ್ ಮಟ್ಟದವರೆಗೆ ತುಂಬಿದಾಗ ಹಿಡಿಯುವ ನೀರು ಸುಮಾರು 123 ಟಿ.ಎಂ.ಸಿ. ಕೆಳಗೆ ನಾರಾಯಣಪುರದ ಬಸವಸಾಗರದ ಹಿನ್ನೀರು ಮುದ್ದೇಬಿಹಾಳದ ಕಡೆಗೆ ಚಾಚಿದೆ. ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿಗಳತ್ತ ಹರಿದಿದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಎತ್ತರದ ಎರೆಹೊಲಗಳಿಗೆ ನೀರನ್ನು ಎತ್ತಿ ತಂದಿವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳು ಬಂದವು. ಇಂಡಿಯ ನಿಂಬೆಯ ತೋಟಗಳು ಉಳಿದದ್ದು ನೀರಿನಿಂದಲೇ. ಇದೆಲ್ಲ ನಮ್ಮ ಭಾಗ್ಯ. ನಮ್ಮ ಹಿರಿಯರು ಕನಸಿನಲ್ಲಿ ಬೇಡಿದ ಭಾಗ್ಯ. ಅದನ್ನು ಹಳಿಯುವವನು ನಾನಲ್ಲ.

ಆದರೆ ಇದೇ ಕಾಲದಲ್ಲಿ ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ತೆರೆದ ಬಾವಿಗಳು ಬತ್ತಿದವು. ನಾನು ಈಸಿದ ಬಾವಿಯಲ್ಲಿ ಇಂದು ಜಾಲಿ ಬೆಳೆದಿದೆ. ಈಸು ಕಲಿಸುತ್ತಿದ್ದ ನೀರು ಹೋಯಿತು, ಈಸು ಬೇಡುವ ನೀರು ಬಂದಿತು. ಬಾವಿಗೆ ಮೆಟ್ಟಿಲುಗಳಿದ್ದವು, ಕಲ್ಲಿನ ಸಂದಿಗಳಿದ್ದವು, ನೀರು ನಿಂತಿರುತ್ತಿತ್ತು. ಕಾಲುವೆಯ ಕಾಂಕ್ರೀಟಿನ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಸೆಳವು ನಿಲ್ಲಗೊಡುವುದಿಲ್ಲ. ಕೃಷಿಹೊಂಡದ ಹಾಳೆಯಂತೂ ಕೈಗೆ ಹಿಡಿತವನ್ನೇ ಕೊಡುವುದಿಲ್ಲ. ದಡ ಒಂದು ಮಾರು ದೂರದಲ್ಲಿದ್ದರೂ ಹತ್ತಲಾಗದು. ಮುಳುಗುವವನು ಸಿನೆಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಿಗೇ ಬಿಡುವಿಲ್ಲದವನು ಕೂಗುವುದೆಂತು? ಸದ್ದಿಲ್ಲದೆ ಒಂದೆರಡು ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ. ಒಬ್ಬನನ್ನು ಉಳಿಸಲು ಇಳಿದ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಹೀಗೆ ಒಂದೇ ಮನೆಯ ಮೂವರು ಹೋದ ಸುದ್ದಿಯನ್ನು ಪ್ರತಿ ಬೇಸಗೆಯಲ್ಲಿ ಯಾವುದೋ ಊರಿನ ಹೆಸರಿನೊಂದಿಗೆ ನಾವು ಓದುತ್ತೇವೆ, ಮರುಗುತ್ತೇವೆ, ಪುಟ ತಿರುವುತ್ತೇವೆ. ಭಾರತದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಜಗತ್ತಿನಲ್ಲಿ 2021ರಲ್ಲಿ ಹಾಗೆ ಸತ್ತವರು ಸುಮಾರು ಮೂರು ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದನ್ನು ವಿಧಿಯೆಂದು ಕರೆದು ಸುಮ್ಮನಾಗಲು ಬರುವುದಿಲ್ಲ. ಕಲಿಸಬಹುದಾದದ್ದನ್ನು ಕಲಿಸದೆ ಬಿಟ್ಟು ವಿಧಿಯನ್ನು ದೂರುವುದು ನ್ಯಾಯವಲ್ಲ.

ಆದ್ದರಿಂದ ನಮ್ಮ ನಾಲ್ಕೂ ತಾಲೂಕು ಪಟ್ಟಣಗಳಲ್ಲಿ ಶಾಲಾಮಕ್ಕಳಿಗಾಗಿ ಒಂದೊಂದು ಸಾರ್ವಜನಿಕ ಒಳಾಂಗಣ ಈಜುಕೊಳ ಇರಬೇಕೆಂಬುದು ನನ್ನ ಬಿನ್ನಹ. ಒಳಾಂಗಣವೇ ಏಕೆಂದು ಕೇಳಬಹುದು. ನಮ್ಮ ಬಿಸಿಲಿಗೆ ತೆರೆದ ನೀರು ಎಷ್ಟು ಬೇಗ ಆವಿಯಾಗುತ್ತದೆಂಬುದನ್ನು ತಾವು ಬಲ್ಲಿರಿ. ಸೂರು ಅದನ್ನು ತಡೆಯುತ್ತದೆ. ಅದಕ್ಕಿಂತ ಮುಖ್ಯವಾದುದು ಗೋಡೆ. ಹಾದಿಯಲ್ಲಿ ಹೋಗುವವರ ಕಣ್ಣಿಗೆ ಬೀಳದ ನಾಲ್ಕು ಗೋಡೆಗಳೂ, ಕಲಿಸುವ ಒಬ್ಬ ಹೆಣ್ಣುಮಗಳೂ, ವಾರದಲ್ಲಿ ಕೆಲವು ಗಂಟೆಗಳ ಪ್ರತ್ಯೇಕ ವೇಳೆಯೂ ಇದ್ದರೆ, ನನ್ನ ಅಕ್ಕನಿಗೆ ದೊರೆಯದ ವಿದ್ಯೆ ಆಕೆಯ ಮೊಮ್ಮಕ್ಕಳಿಗೆ ದೊರೆಯುತ್ತದೆ. ಇನ್ನು ಕೇರಿಯ ಮಾತು. 1927ರಲ್ಲಿ ಮಹಾಡದ ಚವದಾರ್ ಕೆರೆಯಲ್ಲಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನೀರು ಮುಟ್ಟಿದ್ದು ಬಾಯಾರಿಕೆಗಾಗಿ ಮಾತ್ರವಲ್ಲ, ಸಾರ್ವಜನಿಕ ನೀರು ಸರ್ವರದೆಂದು ತೋರಿಸುವುದಕ್ಕಾಗಿ. ಕುಡಿಯುವ ನೀರನ್ನು ಬೇರೆ ಬೇರೆ ಕೊಡದಲ್ಲಿ ಹಿಡಿಯಬಹುದು. ಈಸುವ ನೀರನ್ನು ಹಾಗೆ ಪಾಲು ಮಾಡಲು ಬರುವುದಿಲ್ಲ. ಒಂದೇ ನೀರಿನಲ್ಲಿ ಎಲ್ಲರ ಮಕ್ಕಳೂ ಮುಳುಗಿ ಏಳಬೇಕು. ಬಸವಣ್ಣನವರು ಹುಟ್ಟಿದ ನಾಡಿನಲ್ಲಿ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಿಲ್ಲ.

"ಕುಡಿಯುವ ನೀರಿಗೇ ಪರದಾಡುವ ಊರಿಗೆ ಈಜುಕೊಳವೇ?" ಎಂಬ ಆಕ್ಷೇಪ ಬಂದೇ ಬರುತ್ತದೆ. ನ್ಯಾಯವಾದ ಆಕ್ಷೇಪ, ಉತ್ತರವನ್ನು ಲೆಕ್ಕದಲ್ಲಿಯೇ ಕೊಡುತ್ತೇನೆ. ಇಪ್ಪತ್ತೈದು ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ ಹಿಡಿಯುವುದು ಸುಮಾರು 4 ಲಕ್ಷ 70 ಸಾವಿರ ಲೀಟರ್ ನೀರು. ಅದನ್ನು ದಿನವೂ ಚೆಲ್ಲುವುದಿಲ್ಲ; ಅದೇ ನೀರನ್ನು ಸೋಸಿ, ಶುದ್ಧಗೊಳಿಸಿ ಮತ್ತೆ ಮತ್ತೆ ಬಳಸುತ್ತಾರೆ, ಆವಿಯಾದದ್ದನ್ನೂ ಸೋಸುವಾಗ ಹೋದದ್ದನ್ನೂ ತುಂಬುತ್ತಾರೆ. ಒಂದು ಎಕರೆ ಕಬ್ಬಿನ ಬೆಳೆಗೆ, ಮಳೆಯೂ ಸೇರಿ, ಕಡಿಮೆಯೆಂದರೂ ಒಂದೂವರೆ ಸಾವಿರ ಮಿಲಿಮೀಟರ್ ನೀರು ಬೇಕು. ಎಂದರೆ ಅರವತ್ತು ಲಕ್ಷ ಲೀಟರ್. ಒಂದು ಎಕರೆ ಕಬ್ಬು ಒಂದು ಬೆಳೆಯಲ್ಲಿ ಕುಡಿಯುವ ನೀರಿನಿಂದ ಇಂಥ ಹನ್ನೆರಡು ಕೊಳಗಳನ್ನು ತುಂಬಬಹುದು. ಕೊಳ ಕಟ್ಟುವುದಕ್ಕಿಂತ ನಡೆಸುವುದೇ ಕಷ್ಟವೆಂಬುದು ನಿಜ: ವಿದ್ಯುತ್ತು, ಕ್ಲೋರಿನ್, ತರಬೇತಿ ಪಡೆದ ಕಾವಲುಗಾರರು, ಇವೆಲ್ಲ ನಿತ್ಯದ ಖರ್ಚು. ಶಾಲೆಯೂ ಆಸ್ಪತ್ರೆಯೂ ಅಂಥವೇ. ಅಷ್ಟರವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಹೊಂಡದ ಸುತ್ತ ಬೇಲಿ ಕಟ್ಟಬಹುದು. ಒಂದು ಮೂಲೆಯಿಂದ ಗಂಟು ಹಾಕಿದ ಹಗ್ಗವನ್ನು ನೀರಿಗೆ ಇಳಿಬಿಡಬಹುದು. ಮುಳುಗುವವನತ್ತ ಹಾರಬೇಡ, ಸೀರೆಯನ್ನೋ ಕೋಲನ್ನೋ ಟ್ಯೂಬನ್ನೋ ಚಾಚು ಎಂದು ಶಾಲೆಯಲ್ಲಿ ಹೇಳಿಕೊಡಬಹುದು.

ಕೂಡಲಸಂಗಮಕ್ಕೆ ಹೋದವರು ಬಸವಣ್ಣನವರ ಐಕ್ಯಮಂಟಪವನ್ನು ನೋಡಿದ್ದೀರಿ. ನಾರಾಯಣಪುರದ ಹಿನ್ನೀರು ಅದನ್ನು ಮುಳುಗಿಸುವುದೆಂದು ತಿಳಿದಾಗ ಎಂಜಿನಿಯರುಗಳು ಅದರ ಸುತ್ತ ಬಾವಿಯಂತೆ ದುಂಡು ಗೋಡೆ ಎಬ್ಬಿಸಿದರು. ನಾವು ಇಂದು ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗೆ, ಒಣನೆಲದ ಮೇಲೆ ನಿಂತು ಕೈಮುಗಿಯುತ್ತೇವೆ. ನೀರು ಏರುವ ಮೊದಲೇ ಯೋಚಿಸಿದ್ದರಿಂದ ಆ ಕಲ್ಲು ಉಳಿಯಿತು. ಅದೇ ನೀರಿನ ದಂಡೆಯಲ್ಲಿ ಬೆಳೆಯುತ್ತಿರುವ ಮಕ್ಕಳ ಸುತ್ತ ಗೋಡೆ ಕಟ್ಟಲು ಬರುವುದಿಲ್ಲ. ಅವರಿಗೆ ಈಸು ಕಲಿಸಬೇಕು. ಈ ಮಾತು ನಮ್ಮ ಪುರಸಭೆಗಳ, ಶಾಲೆಗಳ, ಮಠಗಳ ಹಿರಿಯರ ಕಿವಿಗೆ ಬೀಳಲಿ.

(ಬಾನುಲಿ ಭಾಷಣ)